ಹಾಸನದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ: ಈ ಊರೇ ಯಾಕೆ?

ಹೊಸದಾಗಿ ಅಂಗಡಿ ಇಡಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ. ನಾನು ಹಾಸನದಲ್ಲಿ ರಿವೈಂಡಿಂಗ್ ಅಂಗಡಿ, ಅಂದ್ರೆ ಸುಟ್ಟ ಮೋಟಾರಿನೊಳಗಿನ ತಂತಿ ಸುರುಳಿಯನ್ನು (ವೈಂಡಿಂಗ್) ಹೊಸದಾಗಿ ಸುತ್ತಿಕೊಡುವ ಅಂಗಡಿ, ಇಡುವಾಗ ನೋಡಿದ್ದು ಬೇರೆ. ಸುತ್ತಲಿನ ಜನಕ್ಕೆ ಯಾವ ತಿಂಗಳಲ್ಲಿ ಮೋಟಾರ್ ಕೈಕೊಡುತ್ತದೆ, ಯಾವ ತಿಂಗಳಲ್ಲಿ ಕೈಯಲ್ಲಿ ದುಡ್ಡಿರುತ್ತದೆ? ಇವೆರಡು ಗೊತ್ತಾದರೆ ಎಷ್ಟು ಬಾಡಿಗೆ ಕಟ್ಟಬಹುದು ಅನ್ನೋದೂ ಗೊತ್ತಾಗುತ್ತದೆ.

ಸಕಲೇಶಪುರ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣ, ಎಲ್ಲವೂ ಹಾಸನದಿಂದ ಸುಮಾರು 40 ಕಿ.ಮೀ. ಆದರೆ ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿ.ಮೀ. ದಾಟಿ ಮಳೆ ಹೊಡೆಯುತ್ತದೆ, ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ಅದರ ಅರ್ಧವೂ ಇಲ್ಲ. ಒಂದು ಕಡೆ ಕೆಲಸ ಇಲ್ಲದಿದ್ದಾಗ ಇನ್ನೊಂದು ಕಡೆ ಇರುತ್ತದೆ. ನನ್ನ ಅಂಗಡಿ ನಡೆಯುತ್ತಿರೋದೇ ಇದರ ಮೇಲೆ.

ನವೆಂಬರ್ ಹೊತ್ತಿಗೆ ಸಕಲೇಶಪುರದ ಕಡೆ ಅರೇಬಿಕಾ ಕಾಫಿ ಕೊಯ್ಲು ಶುರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮೋಟಾರ್‌ಗಳು ಬರುತ್ತವೆ. ಪಲ್ಪರ್ ನಿಂತರೆ ಅವತ್ತು ಕೊಯ್ದ ಹಣ್ಣು ಹಾಗೇ ಬಿದ್ದು ಕೆಡುತ್ತದೆ, ಹಾಗಾಗಿ ತೋಟದವರು ರೇಟಿಗಿಂತ ಮೊದಲು ಎಷ್ಟು ಹೊತ್ತಿಗೆ ಕೊಡ್ತೀರಿ ಅಂತ ಕೇಳುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು, ಅದಾದ ಮೇಲೆ ಕಾಯಿ ನಿಲ್ಲಲು ಕೊಡುವ ಎರಡನೇ ನೀರು, ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಆಗ ಪಂಪ್‌ಸೆಟ್ಟು ಕೈಕೊಟ್ಟರೆ ಒಂದು ವರ್ಷದ ಫಸಲಿಗೇ ಪೆಟ್ಟು. ಅಷ್ಟರಲ್ಲಿ ಬಯಲುಸೀಮೆ ಬೋರ್‌ವೆಲ್‌ಗಳ ಸರದಿ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಮೋಟಾರ್ ಹಾಕುತ್ತಾರೆ, ವೋಲ್ಟೇಜ್ ಬೀಳುತ್ತದೆ, ಬಿದ್ದಷ್ಟೂ ಮೋಟಾರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ವೈಂಡಿಂಗ್ ಕಾದು ಸುಟ್ಟು ಹೋಗುತ್ತದೆ. ತ್ರೀಫೇಸ್ ಲೈನಿನ ಮೂರರಲ್ಲಿ ಒಂದು ಫೇಸ್ ಹೋದದ್ದು ಗೊತ್ತಾಗದೆ ಓಡಿಸಿ ಸುಟ್ಟುಕೊಂಡವರೂ ಬರುತ್ತಾರೆ. ಸ್ಟಾರ್ಟರ್ ಜೊತೆಗೆ, ಫೇಸ್ ಹೋದರೆ ಮೋಟಾರನ್ನು ತಾನೇ ನಿಲ್ಲಿಸುವ ಒಂದು ಪ್ರಿವೆಂಟರ್ ಹಾಕಿಸಿ ಅಂತ ಹೇಳುತ್ತಲೇ ಇರುತ್ತೇನೆ. ಹಾಕಿಸಿದರೆ ನನಗೆ ಕೆಲಸ ಕಮ್ಮಿ, ಆದರೂ ಹೇಳುತ್ತೇನೆ. ಆಲೂಗಡ್ಡೆಗೆ ಅಂಗಮಾರಿ ಬಂದು ಎಷ್ಟೋ ಜನ ಶುಂಠಿಗೆ ಹೊರಳಿದ ಮೇಲೆ ಏಪ್ರಿಲ್, ಮೇ ಇನ್ನೂ ಬಿಗಿ, ಯಾಕಂದ್ರೆ ಶುಂಠಿಗೆ ಬೇಸಿಗೆಯಲ್ಲೇ ನೀರು ಬೇಕು.

ಜೂನ್‌ನಿಂದ ಆಗಸ್ಟ್ ಸಪ್ಪೆ. ಮಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಜರುಗಿ ರಸ್ತೆ ಮುಚ್ಚಿದರೆ ಹೋಟೆಲಿನವರು, ಲಾರಿಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ನನಗೆ ಅಷ್ಟು ಬಿಸಿ ತಟ್ಟಲ್ಲ. ಆ ತಿಂಗಳುಗಳಲ್ಲಿ ಹಿಟ್ಟಿನ ಗಿರಣಿ, ಅಕ್ಕಿ ಮಿಲ್ಲು, ಊರ ಹೊರಗಿನ ಫ್ಯಾಕ್ಟರಿಗಳ ಕೆಲಸ ಹಿಡಿಯುತ್ತೇನೆ. ಫ್ಯಾಕ್ಟರಿಯವರು ಕೆಲಸ ಕೊಡೋದು ಬೇಗ, ಬಿಲ್ ಪಾಸ್ ಮಾಡೋದು ನಿಧಾನ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ ಅದರ ನಂಬರನ್ನು ಬಿಲ್ಲಿನಲ್ಲೇ ಹಾಕತೊಡಗಿದೆ. ಸಣ್ಣ ಉದ್ಯಮದವರ ಬಾಕಿಯನ್ನು 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ಫೋನಲ್ಲಿ ಕೂಗಾಡೋದಕ್ಕಿಂತ ಈ ನಂಬರ್ ಜಾಸ್ತಿ ಕೆಲಸ ಮಾಡಿತು. ನೋಂದಣಿಗೆ ಒಂದು ರೂಪಾಯಿಯೂ ಬೇಡ, ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ರೈತರ ಸಾಲದ ಲೆಕ್ಕ ಬೇರೆ. ಕಾಫಿಯವರು ಮಾಲು ಮಾರಿದ ಮೇಲೆ ಒಟ್ಟಿಗೆ ಕೊಡುತ್ತಾರೆ. ಬಯಲುಸೀಮೆಯವರು "ಡೈರಿ ಬಟವಾಡೆ ಆಗ್ಲಿ ಅಣ್ಣ" ಅನ್ನುತ್ತಾರೆ, ಮೊತ್ತ ಸಣ್ಣದು, ಆದರೆ ಬರುತ್ತಲೇ ಇರುತ್ತದೆ. ಹುಡುಗರ ಸಂಬಳ ಕೊಡಲು ನನಗೆ ಆಗಿಬರುವುದು ಹಾಲಿನ ದುಡ್ಡೇ.

ಊರ ಮುಖ್ಯರಸ್ತೆಯಾದ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಅಂಗಡಿ ಮಾಡು ಅಂತ ಎಲ್ಲರೂ ಹೇಳಿದ್ದರು. ನಾನು ಒಳರಸ್ತೆಗೆ ಹೋದೆ. ಪಿಕಪ್ ತಿರುಗಿಸಲು ಜಾಗ ಬೇಕು, ತ್ರೀಫೇಸ್ ಲೈನ್ ಹತ್ತಿರ ಇರಬೇಕು, ಪಕ್ಕದಲ್ಲಿ ಲೇತ್ ಕೆಲಸದವರು ಬೇಕು. ಇನ್ನೊಂದು ರಿವೈಂಡಿಂಗ್ ಅಂಗಡಿಯೂ ಹತ್ತಿರ ಇದ್ದರೆ ಒಳ್ಳೆಯದೇ. ತಂತಿ ಮುಗಿದಾಗ ಸಾಲ ಸಿಗುತ್ತದೆ, ಕೆಲಸ ತುಂಬಿದಾಗ ಹಂಚಿಕೊಳ್ಳಬಹುದು, ಗಿರಾಕಿಗೂ ಈ ಕಡೆ ಹೋದರೆ ಮೋಟಾರ್ ರೆಡಿ ಆಗುತ್ತೆ ಅನ್ನೋ ನಂಬಿಕೆ. ಬೇರಿಂಗ್, ತಾಮ್ರದ ತಂತಿ ಬೆಂಗಳೂರಲ್ಲಿ ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಇಲ್ಲಿರುತ್ತದೆ, ಹಾಗಾಗಿ ಲಕ್ಷಗಟ್ಟಲೆ ಸ್ಟಾಕ್ ಇಟ್ಟುಕೊಂಡು ಕೂರಬೇಕಾಗಿಲ್ಲ. ಅದೇ ಬೆಂಗಳೂರು ಕಲಿತ ಹುಡುಗರನ್ನೂ ಎಳೆದುಕೊಳ್ಳುತ್ತದೆ ಅನ್ನಿ. ಐಟಿಐ ಮುಗಿಸಿದವರು ಒಂದು ವರ್ಷ ಕಾಯಿಲ್ ಸುತ್ತೋದು ಕಲಿತು ಹೊರಟುಬಿಡುತ್ತಾರೆ. ಸಂಜೆ ಬಸ್ಸಿಗೆ ಮನೆ ಸೇರಿ ಹಾಲು ಕರೆಯಬೇಕಾದವರು ಮಾತ್ರ ಉಳಿಯುತ್ತಾರೆ. ಈಗ ಕೆಲಸಕ್ಕೆ ತೆಗೆದುಕೊಳ್ಳುವಾಗ ಮನೆಯಲ್ಲಿ ಹಸು ಇದೆಯಾ ಅಂತ ಕೇಳುತ್ತೇನೆ, ನಗಬೇಡಿ.

ನಮ್ಮ ಭಾವನ ಮಗ ಚಿಕ್ಕಮಗಳೂರಲ್ಲಿ ಇದೇ ಅಂಗಡಿ ಇಡುತ್ತೇನೆ ಅಂತ ಬಂದಿದ್ದ. ಬೇಡ ಅನ್ನಲಿಲ್ಲ. ಅಲ್ಲಿ ಕಾಫಿ ಕೆಲಸಕ್ಕೆ ಕೊರತೆ ಇಲ್ಲ, ಆದರೆ ಬರೀ ಕಾಫಿ ನಂಬಿದರೆ ಮಳೆಗಾಲದ ಬಾಡಿಗೆ ಯಾರು ಕಟ್ಟುತ್ತಾರೆ? ಅದೇ ಜಿಲ್ಲೆಯ ಬಯಲುಸೀಮೆ, ಕಡೂರು ಕಡೆಯ ಬೋರ್‌ವೆಲ್ ಮೋಟಾರ್‌ಗಳು ಚಿಕ್ಕಮಗಳೂರವರೆಗೆ ಹತ್ತಿ ಬರುತ್ತವಾ, ಕಡೂರಲ್ಲೇ ರಿಪೇರಿ ಆಗುತ್ತವಾ ಅಂತ ನೋಡಬೇಕು. ಏಪ್ರಿಲ್‌ನಲ್ಲಿ ಹೋಗಿ ಕಡೂರಿನ ರಿವೈಂಡಿಂಗ್ ಅಂಗಡಿಗಳ ಎದುರು ಟೀ ಕುಡೀತಾ ಕೂತ್ಕೋ, ಯಾವ ಯಾವ ಊರಿನ ಪಿಕಪ್ ಬಂದು ನಿಲ್ಲುತ್ತೆ ಬರೆದುಕೊಂಡು ಬಾ, ಆಮೇಲೆ ಅಡ್ವಾನ್ಸ್ ಮಾತಾಡೋಣ ಅಂದೆ.