ದಿಲ್ಲಿಗೆ ಮನವಿ ಹಾಕುವ ಮುಂಚೆ: ಸಂಸತ್ತಿನ ಸಮಿತಿಯನ್ನು ಗುರುತು ಹಿಡಿಯುವುದು ಹೇಗೆ?

ಶಿಡ್ಲಘಟ್ಟದಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಮನವಿ ಬರೆಸಲು ರೀಲರ್‌ಗಳು (ರೇಷ್ಮೆ ಗೂಡಿನಿಂದ ನೂಲು ತೆಗೆಯುವವರು), ರೇಷ್ಮೆ ಬೆಳೆಗಾರರು ಬರುತ್ತಾರೆ. "ದಿಲ್ಲಿಗೆ ಹಾಕಣ್ಣ" ಅನ್ನುತ್ತಾರೆ. ದಿಲ್ಲಿಯಲ್ಲಿ ಯಾರಿಗೆ ಅಂದರೆ ಪ್ರಧಾನಿ, ಸಚಿವರು, ಎಂಪಿ, ಇಷ್ಟೇ. ಇಲಾಖೆಯ ಕಾರ್ಯದರ್ಶಿಯನ್ನೇ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವ ಸ್ಥಾಯಿ ಸಮಿತಿಗಳು ಸಂಸತ್ತಿನಲ್ಲಿವೆ ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಗೊತ್ತಿರಬೇಕು.

ಮೊದಲು ನಿಮ್ಮ ತೊಂದರೆ ಯಾವ ಸಚಿವಾಲಯದ್ದು ಅಂತ ಬಿಡಿಸಿಕೊಳ್ಳಿ. ಇದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಗೂಡಿನ ಮಾರುಕಟ್ಟೆಯ ಹರಾಜು, ತೂಕದ ವಿಷಯ ರಾಜ್ಯದ ರೇಷ್ಮೆ ಇಲಾಖೆಯದು. ಅದನ್ನು ದಿಲ್ಲಿಗೆ ಬರೆದು ಫಲವಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಯೋಜನೆ ಜವಳಿ ಸಚಿವಾಲಯದ್ದು. ಅದನ್ನು ನೋಡುವುದು ಕಾರ್ಮಿಕ, ಜವಳಿ ಮತ್ತು ಕೌಶಲಾಭಿವೃದ್ಧಿ ಸಮಿತಿ. ಚೀನಾ ರೇಷ್ಮೆಯ ಆಮದು ಸುಂಕ ಬೇರೆಯೇ ದಾರಿ. 2021ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 10ರಿಂದ 15ಕ್ಕೆ ಏರಿತಲ್ವಾ, ಅದು ಹಣಕಾಸು ಸಚಿವಾಲಯದ ಕೆಲಸ, ಹಾಗಾಗಿ ಹಣಕಾಸು ಸಮಿತಿ. ಮೂರನ್ನೂ ಒಂದೇ ಕಾಗದಕ್ಕೆ ತುರುಕಬೇಡಿ. ಯಾರೂ ಅದನ್ನು ತಮ್ಮದು ಅಂದುಕೊಳ್ಳುವುದಿಲ್ಲ.

ಹೀಗೆ ಸಚಿವಾಲಯಗಳನ್ನು ಹಂಚಿಕೊಂಡ ಸಮಿತಿಗಳು 24 ಇವೆ. 1993ರಲ್ಲಿ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಜನ, ಲೋಕಸಭೆಯ 21, ರಾಜ್ಯಸಭೆಯ 10. ಎಲ್ಲ ಪಕ್ಷದವರೂ ಇರುತ್ತಾರೆ. ಅವಧಿ ಒಂದು ವರ್ಷ, ಆದ್ದರಿಂದ ಹಳೇ ಪಟ್ಟಿ ನೋಡಿ ಹೆಸರು ಬರೆಯಬೇಡಿ. ಸಚಿವರಾದವರು ಸದಸ್ಯರಾಗುವಂತಿಲ್ಲ. 2024ರಲ್ಲಿ ತುಮಕೂರಿನಿಂದ ಗೆದ್ದ ವಿ. ಸೋಮಣ್ಣ ಕೇಂದ್ರದಲ್ಲಿ ರಾಜ್ಯ ಸಚಿವರಾದರು, ಅಲ್ಲಿಗೆ ಈ ಸಮಿತಿಗಳಿಂದ ಹೊರಗೆ. ಇದು ಸರಿಯಾದ ಏರ್ಪಾಡು. ಪ್ರಶ್ನೆ ಕೇಳುವವರೂ ಉತ್ತರ ಕೊಡುವವರೂ ಒಬ್ಬರೇ ಆದರೆ ವಿಚಾರಣೆ ಎಲ್ಲಿ ನಡೆಯುತ್ತದೆ?

ಇನ್ನು ಅಧ್ಯಕ್ಷರು. 16 ಸಮಿತಿಗಳಿಗೆ ಲೋಕಸಭಾ ಸ್ಪೀಕರ್ ನೇಮಿಸುತ್ತಾರೆ, 8ಕ್ಕೆ ರಾಜ್ಯಸಭೆಯ ಸಭಾಪತಿ. ಸಭೆ ಯಾವತ್ತು, ಅವತ್ತು ಏನು ವಿಷಯ ಅನ್ನುವುದೆಲ್ಲ ಅಧ್ಯಕ್ಷರ ಕೈಲಿ. ಮತ ಸಮವಾದರೆ ನಿರ್ಣಾಯಕ ಮತವೂ ಅವರದೇ. ಆಡಳಿತ ಪಕ್ಷದವರೇ ಆಗಬೇಕು ಅಂತೇನಿಲ್ಲ. ಚಿಕ್ಕಬಳ್ಳಾಪುರದ ಎಂಪಿ ಆಗಿದ್ದ ವೀರಪ್ಪ ಮೊಯ್ಲಿ ವಿರೋಧ ಪಕ್ಷದಲ್ಲಿದ್ದುಕೊಂಡೇ ಹಣಕಾಸು ಸಮಿತಿ ನಡೆಸಿದರು. ನೋಟು ರದ್ದಾದ ಮೇಲೆ, 2017ರ ಜನವರಿಯಲ್ಲಿ, ರಿಸರ್ವ್ ಬ್ಯಾಂಕ್ ಗವರ್ನರ್ ಉರ್ಜಿತ್ ಪಟೇಲ್ ಆ ಸಮಿತಿಯ ಮುಂದೆ ಬಂದು ಕೂರಬೇಕಾಯಿತು. ಅಷ್ಟು ತೂಕ ಇದೆ ಆ ಕುರ್ಚಿಗೆ.

ಸಾರ್ವಜನಿಕ ಲೆಕ್ಕಪತ್ರ ಸಮಿತಿಯನ್ನು ಇದರ ಜೊತೆ ಕಲಸಬೇಡಿ. ಅದರಲ್ಲಿ 22 ಜನ, ಸಂಸದರೇ ಮತ ಹಾಕಿ ಆರಿಸುತ್ತಾರೆ. 1967ರಿಂದ ಅಧ್ಯಕ್ಷರು ವಿರೋಧ ಪಕ್ಷದವರಾಗುವ ವಾಡಿಕೆ ಇದೆ. ಅದು ಮುಖ್ಯವಾಗಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿ ಹಿಡಿದು, ಖರ್ಚಾದ ದುಡ್ಡಿನ ಲೆಕ್ಕ ಕೇಳುತ್ತದೆ.

ಈಗ ಕಾಗದಕ್ಕೆ ಬರೋಣ. ಸಂಸತ್ತಿನ ವೆಬ್‌ಸೈಟ್‌ನಲ್ಲಿ ನಿಮ್ಮ ಸಮಿತಿಯ ಪುಟ ತೆಗೆಯಿರಿ. ಈ ವರ್ಷ ಯಾವ ವಿಷಯ ಕೈಗೆತ್ತಿಕೊಂಡಿದ್ದಾರೆ ಅಂತ ನೋಡಿ. ಸಾರ್ವಜನಿಕರ ಅಭಿಪ್ರಾಯ ಕೇಳಿ ಪ್ರಕಟಣೆ ಬಂದಿದ್ದರೆ ಕೊನೆಯ ದಿನ ಗುರುತು ಹಾಕಿಕೊಳ್ಳಿ, ಸಾಮಾನ್ಯವಾಗಿ ಕೆಲವೇ ವಾರ ಕೊಡುತ್ತಾರೆ. ಮನವಿಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೇಳುತ್ತಾರೆ, ಕಳಿಸುವುದು ಸಂಸತ್ತಿನಲ್ಲಿರುವ ಸಮಿತಿಯ ಕಚೇರಿಯ ಅಧಿಕಾರಿಗೆ, ಅಧ್ಯಕ್ಷರ ಮನೆಗಲ್ಲ. ಎರಡು ಪುಟ ಸಾಕು. "ರೀಲರ್‌ಗಳು ಸಾಯುತ್ತಿದ್ದಾರೆ" ಅಂತ ಬರೆಸಬೇಡಿ. ಕೆಜಿ ನೂಲಿಗೆ ಎಷ್ಟು ಗೂಡು ಬೇಕಾಯಿತು, ಗೂಡಿಗೆ, ಸೌದೆಗೆ, ಕೂಲಿಗೆ ಎಷ್ಟು ಹೋಯಿತು, ನೂಲು ಎಷ್ಟಕ್ಕೆ ಮಾರಿತು, ಇಷ್ಟನ್ನು ಬರೆಯಿರಿ. ಸದಸ್ಯರು ಕಾರ್ಯದರ್ಶಿಯನ್ನು ಕೇಳಲು ಬೇಕಾಗಿರುವುದು ಅದೇ. ಕಳಿಸಿದ್ದನ್ನು ವಾಟ್ಸಾಪ್‌ನಲ್ಲಿ ಹಂಚಬೇಡಿ, ಸಮಿತಿಗೆ ಹೋದ ಮನವಿ ಅದರ ಗೋಪ್ಯ ದಾಖಲೆ.

ವರದಿ ಬಂದಾಗ ಕೊನೆಯ ಪುಟಗಳನ್ನು ಬಿಡಬೇಡಿ. ಅಲ್ಲಿ ಸಭೆಯ ನಡಾವಳಿ ಇರುತ್ತದೆ. ಯಾವ ಸದಸ್ಯರು ಬಂದಿದ್ದರು, ಇಲಾಖೆಯಿಂದ ಯಾರು ಹಾಜರಿದ್ದರು, ಎಲ್ಲರ ಹೆಸರೂ ಸಿಗುತ್ತದೆ. ನಿಮ್ಮ ಎಂಪಿ ಆ ಸಮಿತಿಯಲ್ಲಿದ್ದೂ ಹೋಗದಿದ್ದರೆ, ಊರಿಗೆ ಬಂದಾಗ ಕೇಳಿ. ಕೇಳುವ ಹಕ್ಕು ನಮಗಿದೆ.

ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತಿಲ್ಲ. ಆದರೆ ಏನು ಮಾಡಿದೆವು ಅಂತ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ಆ ಉತ್ತರಗಳ ಮೇಲೆ ಸಮಿತಿ ಕ್ರಮ ಕೈಗೊಂಡ ವರದಿ ಅಂತ ಇನ್ನೊಂದು ವರದಿ ತರುತ್ತದೆ. ಸರ್ಕಾರ ಒಪ್ಪಿದ್ದು ಒಂದು ಅಧ್ಯಾಯ, ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೇ ಇದ್ದದ್ದು ಇನ್ನೊಂದು. ನಿಮ್ಮ ವಿಷಯ ಈ ಎರಡನೆಯದರಲ್ಲಿ ಸಿಕ್ಕಿದರೆ ಆ ಪ್ಯಾರಾ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ಮನವಿಯ ಮೊದಲ ಸಾಲಿಗೆ ಅದನ್ನೇ ಹಾಕಿ.