ದೊಡ್ಡ ಸಂಯುಕ್ತ ಸಂಖ್ಯೆಯನ್ನು ಬಿಡಿಸುವ ಬಗೆ

ಕಲಬುರಗಿಯ ಪಿನ್‌ಕೋಡ್ 585101 ಅನ್ನು ಎರಡು ಬಾರಿ ಒತ್ತಾಗಿ ಬರೆದರೆ 585101585101 ಎಂಬ 12 ಅಂಕಿಗಳ ಸಂಯುಕ್ತ ಸಂಖ್ಯೆ ದೊರೆಯುತ್ತದೆ. ಇದನ್ನು ಅವಿಭಾಜ್ಯ ಅಪವರ್ತನಗಳಾಗಿ, ಅಂದರೆ 1 ಮತ್ತು ತಮ್ಮಿಂದ ಮಾತ್ರ ಭಾಗವಾಗುವ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸಬೇಕಾದರೆ ನೇರವಾಗಿ ಭಾಗಿಸಲು ಹೊರಡಬೇಡಿ. ಆರು ಅಂಕಿಗಳ ಗುಂಪು ಮರುಕಳಿಸಿರುವುದರಿಂದ ಇದು 585101 × 1000001 ಎಂಬುದನ್ನು ಮೊದಲು ಗುರುತಿಸಿ. 1000001 ಎಂದರೆ 101 × 9901. ಇವೆರಡೂ ಅವಿಭಾಜ್ಯಗಳೇ, 9901ರ ಬಗ್ಗೆ ಸಂದೇಹವಿದ್ದರೆ 97ರವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು.

ಇನ್ನು 585101ರಲ್ಲಿ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿದಾಗ ಎರಡೂ ಮೊತ್ತಗಳು 10 ಆಗುವುದರಿಂದ ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 53191. ಇಲ್ಲಿಂದ ಮುಂದೆ ಒಳದಾರಿಯಿಲ್ಲ, ಸಣ್ಣ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ತಾಳ್ಮೆಯಿಂದ ಹೋದರೆ 43ಕ್ಕೆ ಬಂದಾಗ ಶೇಷ ಸೊನ್ನೆಯಾಗಿ 1237 ಎಂಬ ಅವಿಭಾಜ್ಯ ಸಿಗುತ್ತದೆ. ಐದೂ ಅವಿಭಾಜ್ಯ ಅಪವರ್ತನಗಳು ಬೇರೆ ಬೇರೆಯಾಗಿರುವುದರಿಂದ ಒಟ್ಟು ಭಾಜಕಗಳ ಸಂಖ್ಯೆ 2ರ ಐದನೇ ಘಾತ, ಅಂದರೆ 32.