ರ‍್ಯಾಕ್ ಕೇಸ್‌ನೊಳಗೆ ಆಂಪ್ಲಿಫೈಯರ್: ಹಿಂದಿನ ಫಲಕದಿಂದ ಶುರು ಮಾಡಿ

ಮನೆಯಲ್ಲೇ ಬೆಸುಗೆ ಹಾಕಿ ಸಿದ್ಧಪಡಿಸಿದ ಆಂಪ್ಲಿಫೈಯರ್ ಮೇಜಿನ ಮೇಲೆ ಚೆನ್ನಾಗಿ ಹಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 230 ವೋಲ್ಟ್ ಹರಿಯುವ ತಂತಿಗಳು ಕೈಗೆ ಸಿಗದಂತೆ, ಬಿಸಿ ಒಳಗೇ ಉಳಿಯದಂತೆ, ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು (ಹಮ್) ಸೇರದಂತೆ ಅದನ್ನು ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆಯೇ ಅದು ದಿನಬಳಕೆಯ ಉಪಕರಣವಾಗುತ್ತದೆ. ಸಿದ್ಧ ರ‍್ಯಾಕ್ ಕೇಸ್, ಅಂದರೆ ಉಪಕರಣಗಳನ್ನು ಒಂದರ ಮೇಲೊಂದು ಕೂರಿಸುವ ಚೌಕಟ್ಟಿಗೆ ಹೊಂದುವ ಲೋಹದ ಪೆಟ್ಟಿಗೆ, ಕೊಂಡರೆ ತಗಡಿನ ಕೆಲಸ ಬಹುಪಾಲು ತಪ್ಪುತ್ತದೆ, ಆದರೆ ಅದರ ಅಳತೆಗೆ ನಾವೇ ಹೊಂದಿಕೊಳ್ಳಬೇಕು. ಹೆಚ್ಚಿನವರು ಮುಂದಿನ ಫಲಕದ ಅಂದಚೆಂದದಿಂದ ಯೋಜನೆ ಆರಂಭಿಸುತ್ತಾರೆ. ಆದರೆ ವಿದ್ಯುತ್ತೂ ಸಿಗ್ನಲ್ಲೂ ಒಳಬರುವುದು ಹಿಂದಿನ ಫಲಕದಿಂದ; ಅಲ್ಲಿ ಯಾವುದು ಎಲ್ಲಿ ಎಂಬುದು ತೀರ್ಮಾನವಾದರೆ ಒಳಗಿನ ಉಳಿದೆಲ್ಲದರ ಜಾಗ ತಾನಾಗಿ ಗೊತ್ತಾಗುತ್ತದೆ. ಹವ್ಯಾಸಿಗಳಿಗೆ ಚಿರಪರಿಚಿತವಾದ ಎಲ್‌ಎಂ 3886 ಚಿಪ್‌ನ ಎರಡು ಚಾನೆಲ್ ಆಂಪ್ಲಿಫೈಯರನ್ನು 2ಯು ಎತ್ತರದ ಕೇಸ್‌ಗೆ ಅಳವಡಿಸುವ ಕ್ರಮವನ್ನು ಇಲ್ಲಿ ನೋಡೋಣ.

ಅಳತೆ ಮೊದಲು

ರ‍್ಯಾಕ್ ಫಲಕದ ಅಗಲ 19 ಇಂಚು, ಅಂದರೆ 482.6 ಮಿ.ಮೀ. ಒಂದು ‘ಯು’ ಎಂದರೆ 44.45 ಮಿ.ಮೀ. ಎತ್ತರ. ಪಕ್ಕದ ಫಲಕಕ್ಕೆ ಉಜ್ಜದಿರಲೆಂದು 2ಯು ಫಲಕವನ್ನು ಸುಮಾರು 88 ಮಿ.ಮೀ. ಎತ್ತರಕ್ಕೇ ಕತ್ತರಿಸಿರುತ್ತಾರೆ. ರ‍್ಯಾಕಿನ ಎರಡು ಕಂಬಗಳ ನಡುವಿನ ತೆರಪು 450 ಮಿ.ಮೀ. ಇರುವುದರಿಂದ, ಪಕ್ಕದಲ್ಲಿ ಹೀಟ್ ಸಿಂಕ್ (ಚಿಪ್ಪಿನ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಭಾಗ) ಹೊರಚಾಚುವ ಕೇಸ್ ಆಗಿದ್ದರೆ ಅದನ್ನೂ ಸೇರಿಸಿ ಒಟ್ಟು ಅಗಲ ಇದಕ್ಕಿಂತ ಕಡಿಮೆ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಒಳಗಿನ ಎತ್ತರವನ್ನು ಅಂಗಡಿಯವರ ಮಾತಿನ ಮೇಲೆ ನಂಬದೆ ಸ್ಕೇಲ್ ಹಿಡಿದು ಅಳೆಯುವುದು ಒಳ್ಳೆಯದು. ತಳದ ತಗಡು, ಮುಚ್ಚಳದ ಮಡಿಕೆ, ಸ್ಕ್ರೂಗಳ ತಲೆ ಎಲ್ಲ ಕಳೆದರೆ 80 ಮಿ.ಮೀ. ಉಳಿಯುವುದೂ ಕಷ್ಟ, ಅದರಲ್ಲೇ ಬೋರ್ಡನ್ನು ತಳದಿಂದ ಎತ್ತಿ ಹಿಡಿಯುವ 10 ಮಿ.ಮೀ. ಸ್ಪೇಸರ್, ಅದರ ಮೇಲೆ ಬೋರ್ಡ್, ಬೋರ್ಡಿನ ಮೇಲೆ ಎತ್ತರದ ಕೆಪಾಸಿಟರ್‌ಗಳು ಹಿಡಿಸಬೇಕು.

ಎಲ್ಲ ಭಾಗಗಳ ಆಕಾರಕ್ಕೆ ರಟ್ಟು ಕತ್ತರಿಸಿ, ಖಾಲಿ ಕೇಸ್‌ನೊಳಗೆ ಇಟ್ಟು, ಸರಿಸಿ ನೋಡಿ. ಹಿಂದಿನಿಂದ ನೋಡಿದಾಗ ಒಂದು ತುದಿಯಲ್ಲಿ ಪವರ್ ಕಾರ್ಡ್ ಚುಚ್ಚುವ ಐಇಸಿ ಸಾಕೆಟ್, ಇನ್ನೊಂದು ತುದಿಯಲ್ಲಿ ಆಡಿಯೊ ಇನ್‌ಪುಟ್, ನಡುವೆ ಸ್ಪೀಕರ್ ಟರ್ಮಿನಲ್‌ಗಳು ಇರಲಿ. ಟ್ರಾನ್ಸ್‌ಫಾರ್ಮರ್ ಐಇಸಿ ಸಾಕೆಟ್ ಇರುವ ಬದಿಯಲ್ಲೇ, ಆದರೆ ಮುಂದಿನ ಫಲಕಕ್ಕೆ ಹತ್ತಿರವಾಗಿ ಕೂರಬೇಕು. ರ‍್ಯಾಕಿನಲ್ಲಿ ಇಡೀ ಕೇಸ್ ಮುಂದಿನ ಫಲಕದ ಎರಡೂ ಬದಿಗೆ ಚಾಚಿದ ಕಿವಿಗಳ ಮೇಲೆ ಜೋತು ನಿಲ್ಲುವುದರಿಂದ ಭಾರ ಹಿಂದಕ್ಕೆ ಹೋದಷ್ಟೂ ಫಲಕ ಬಾಗುತ್ತದೆ. ಪವರ್ ಸ್ವಿಚ್ ಮುಂದೆಯೇ ಬೇಕೆಂದಾದರೆ ಅದಕ್ಕೆ ಹೋಗುವ ತಂತಿಗಳನ್ನು ಒಟ್ಟಿಗೆ ಹೊಸೆದು, ಅದೇ ಬದಿಯ ಗೋಡೆಗೆ ಅಂಟಿಸಿದಂತೆ ಒಯ್ಯಿರಿ.

ಟ್ರಾನ್ಸ್‌ಫಾರ್ಮರ್‌ನ ಬೋಲ್ಟ್

ದುಂಡನೆಯ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ತಗ್ಗಾದ ಕೇಸ್‌ಗೆ ಹೇಳಿ ಮಾಡಿಸಿದ್ದು. ಸೆಕೆಂಡರಿ (ವಿದ್ಯುತ್ ಹೊರಕೊಡುವ ಸುರುಳಿ) 25-0-25 ವೋಲ್ಟ್ ಇದ್ದರೆ, ಎ.ಸಿ.ಯನ್ನು ಡಿ.ಸಿ. ಮಾಡುವ ಡಯೋಡ್ ಬ್ರಿಜ್ ಮತ್ತು ಕೆಪಾಸಿಟರ್ ದಾಟಿದ ಮೇಲೆ ಹೆಚ್ಚುಕಡಿಮೆ ±35 ವೋಲ್ಟ್ ಡಿ.ಸಿ. ಸಿಗುತ್ತದೆ, 8 ಓಮ್ ಸ್ಪೀಕರಿಗೆ ಇದು ಸೂಕ್ತ. ಟ್ರಾನ್ಸ್‌ಫಾರ್ಮರನ್ನು ಎರಡು ರಬ್ಬರ್ ವಾಷರ್‌ಗಳ ನಡುವೆ ಇಟ್ಟು, ಮೇಲೆ ಬಟ್ಟಲಿನಾಕಾರದ ತಗಡನ್ನು ಕೂರಿಸಿ, ನಡುವಿನ ಒಂದೇ ಬೋಲ್ಟಿನಿಂದ ತಳಕ್ಕೆ ಬಿಗಿಯಬೇಕು. ಈ ಬೋಲ್ಟಿನ ಮೇಲಿನ ತುದಿ ಯಾವ ಕಾರಣಕ್ಕೂ ಮುಚ್ಚಳಕ್ಕೆ ತಾಗಕೂಡದು. ತಾಗಿದರೆ ತಳ, ಬೋಲ್ಟ್, ಮುಚ್ಚಳ, ಪಕ್ಕದ ಗೋಡೆ ಇವೆಲ್ಲ ಸೇರಿ ಕೋರಿನ ಸುತ್ತ ಒಂದು ಪೂರ್ಣ ಸುತ್ತಿನ ತಂತಿಯಂತಾಗುತ್ತವೆ. ಆ ಶಾರ್ಟ್ ಆದ ಸುತ್ತಿನಲ್ಲಿ ಭಾರೀ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ, ಫ್ಯೂಸ್ ಸರಿಯಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಉದ್ದವಾದ ಬೋಲ್ಟನ್ನು ಕತ್ತರಿಸಿ, ಮುಚ್ಚಳಕ್ಕೂ ಅದಕ್ಕೂ ಕನಿಷ್ಠ 10 ಮಿ.ಮೀ. ಅಂತರ ಬಿಡಿ. ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಸ್ವಿಚ್ ಹಾಕಿದ ಕ್ಷಣ ಹೆಚ್ಚು ಕರೆಂಟ್ ಎಳೆಯುವುದರಿಂದ ಫ್ಯೂಸ್ ನಿಧಾನವಾಗಿ ಕರಗುವ ಸ್ಲೋ ಬ್ಲೋ ಜಾತಿಯದಾಗಿರಬೇಕು.

ತೂತು ಕೊರೆಯುವುದು

ರೂಪುರೇಷೆಯನ್ನು ಕಾಗದದ ಮೇಲೆ ನೂರಕ್ಕೆ ನೂರು ಅಳತೆಯಲ್ಲಿ ಮುದ್ರಿಸಿ, ಮುದ್ರಿತ ಗೆರೆಯೊಂದನ್ನು ಸ್ಕೇಲಿನಲ್ಲಿ ಅಳೆದು ಖಚಿತಪಡಿಸಿಕೊಂಡು, ಫಲಕಕ್ಕೆ ಅಂಟಿಸಿ. ಪ್ರತಿ ಕೇಂದ್ರಬಿಂದುವನ್ನೂ ಸೆಂಟರ್ ಪಂಚ್‌ನಿಂದ ಗುರುತು ಮಾಡಿ, 3 ಮಿ.ಮೀ. ಬಿಟ್‌ನಿಂದ ಆರಂಭಿಸಿ, ಆಮೇಲೆ ಸ್ಟೆಪ್ ಡ್ರಿಲ್‌ನಿಂದ ಹಿಗ್ಗಿಸಿ. ಅಲ್ಯೂಮಿನಿಯಂ ಬಿಟ್‌ಗೆ ಅಂಟಿಕೊಳ್ಳದಿರಲು ಒಂದೆರಡು ಹನಿ ಸೀಮೆಎಣ್ಣೆ ಸಾಕು. ಎಕ್ಸ್‌ಎಲ್‌ಆರ್ ಸಾಕೆಟ್ (ಮೈಕ್ ಕೇಬಲ್ಲಿನಂಥ ಮೂರು ಪಿನ್ನಿನ ಆಡಿಯೊ ಸಾಕೆಟ್) ಹಾಕುವುದಾದರೆ ಸಾಮಾನ್ಯ ಡಿ ಮಾದರಿಗೆ 24 ಮಿ.ಮೀ. ತೂತು ಬೇಕು. ಐಇಸಿ ಸಾಕೆಟ್‌ನ ಆಯತಾಕಾರದ ತೂತಿಗೆ ಒಳಅಂಚಿನುದ್ದಕ್ಕೂ ಸಣ್ಣ ತೂತುಗಳನ್ನು ಸಾಲಾಗಿ ಕೊರೆದು, ನಡುವಿನ ತುಂಡು ತೆಗೆದು, ಅರದಿಂದ ಉಜ್ಜಬೇಕು. ತಾಳ್ಮೆ ಇಲ್ಲದವರು ಪೀಣ್ಯದಂಥ ಕಡೆ ಲೇಸರ್ ಕಟಿಂಗ್ ಮಾಡುವವರಿಗೆ ಫಲಕವನ್ನು ಕೊಡುವುದೇ ಲೇಸು. ಕೊರೆಯುವಾಗ ಒಳಗೆ ಯಾವ ಬೋರ್ಡೂ ಇರಬಾರದು. ಬೋರ್ಡಿನ ಕೆಳಗೆ ಸೇರಿದ ಒಂದು ಲೋಹದ ಚೂರು ಇಡೀ ಕೆಲಸವನ್ನು ಹಾಳುಮಾಡೀತು.

ಅರ್ತ್ ಮತ್ತು ಹಮ್

ಐಇಸಿ ಸಾಕೆಟ್‌ನ ಅರ್ತ್ ಪಿನ್ನಿನಿಂದ ಹಸಿರು ಅಥವಾ ಹಸಿರು-ಹಳದಿ ತಂತಿ ನೇರವಾಗಿ ಕೇಸ್‌ನ ಒಂದು ಪ್ರತ್ಯೇಕ ಬೋಲ್ಟಿಗೆ ಬರಬೇಕು. ಆ ಬೋಲ್ಟನ್ನು ಟ್ರಾನ್ಸ್‌ಫಾರ್ಮರ್ ಅಥವಾ ಬೋರ್ಡ್ ಹಿಡಿಯಲು ಬಳಸಬಾರದು. ಬಣ್ಣವಷ್ಟೇ ಅಲ್ಲ, ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಮೇಲ್ಮೈ ಕೂಡ ವಿದ್ಯುತ್ತನ್ನು ತಡೆಯುತ್ತದೆ. ಬರಿಯ ಲೋಹ ಕಾಣುವವರೆಗೆ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ಬಿಡಿ ಫಲಕಗಳನ್ನು ಜೋಡಿಸಿದ ಕೇಸ್‌ಗಳಲ್ಲಿ ಪ್ರತಿ ಫಲಕಕ್ಕೂ ಅರ್ತ್ ಪಿನ್ನಿಗೂ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ: ಅದರ ಸ್ವಂತ ತಂತಿಗಳ ರೋಧವನ್ನು ಕಳೆದರೆ ಬಹುತೇಕ ಸೊನ್ನೆ ಬರಬೇಕು.

ಆಡಿಯೊ ಗ್ರೌಂಡ್ ಮಾತ್ರ ಕೇಸ್‌ಗೆ ಹಲವು ಕಡೆ ತಾಗಕೂಡದು. ಹಾಗಾಗಿ ಆಡಿಯೊ ಇನ್‌ಪುಟ್‌ನ ಆರ್‌ಸಿಎ ಸಾಕೆಟ್‌ಗಳನ್ನು ಪ್ಲಾಸ್ಟಿಕ್ ವಾಷರ್ ಮೂಲಕ ಕೂರಿಸಿ, ಪವರ್ ಸಪ್ಲೈನ ಗ್ರೌಂಡ್‌ನಿಂದ ಒಂದೇ ಜಾಗದಲ್ಲಿ ಕೇಸ್‌ಗೆ ಸೇರಿಸಬೇಕು. ಆ ಸೇರುವಿಕೆಯಲ್ಲಿ 10 ಓಮ್ ರೆಸಿಸ್ಟರ್ ಮತ್ತು ಅದಕ್ಕೆ ಸಮಾಂತರವಾಗಿ ವಿರುದ್ಧ ದಿಕ್ಕಿನ ಎರಡು ದಪ್ಪ ಡಯೋಡ್ ಹಾಕಿದರೆ, ಎರಡು ಉಪಕರಣಗಳ ಅರ್ತ್ ನಡುವೆ ಸುತ್ತುವ ಸಣ್ಣ ಕರೆಂಟ್ ಅಡಗುತ್ತದೆ; ದೋಷ ಬಂದಾಗಿನ ದೊಡ್ಡ ಕರೆಂಟ್ ಡಯೋಡ್ ಮೂಲಕ ಅರ್ತ್‌ಗೆ ಹೋಗುತ್ತದೆ. ಹಮ್ ನಿಲ್ಲಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಹಾಕುವ ಚಾಳಿ ನಮ್ಮಲ್ಲಿದೆ. ಅದು ಕೇಸ್‌ಗೆ ಫೇಸ್ ತಾಗಿದ ದಿನ ಜೀವಕ್ಕೇ ಎರವಾಗುವ ಉಪಾಯ.

ಎಲ್‌ಎಂ 3886ರಲ್ಲಿ ‘ಟಿ’ ಮಾದರಿಯ ಲೋಹದ ಬೆನ್ನು ನೆಗೆಟಿವ್ ಸಪ್ಲೈಗೆ ಜೋಡಣೆಯಾಗಿರುತ್ತದೆ. ಅದನ್ನು ಹಾಗೆಯೇ ಹೀಟ್ ಸಿಂಕ್‌ಗೆ ಬಿಗಿದರೆ ಸಪ್ಲೈ ಕೇಸ್‌ಗೆ ಶಾರ್ಟ್ ಆಗುತ್ತದೆ. ಮೈಕಾ ಹಾಳೆ, ಎರಡೂ ಬದಿಗೆ ತೆಳುವಾಗಿ ಥರ್ಮಲ್ ಪೇಸ್ಟ್, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಕಡ್ಡಾಯ. ‘ಟಿಎಫ್’ ಮಾದರಿಯ ಬೆನ್ನು ಪ್ಲಾಸ್ಟಿಕ್ಕಿನದಾದ್ದರಿಂದ ಮೈಕಾ ಬೇಡ, ಪೇಸ್ಟ್ ಬೇಕು. ಹೀಟ್ ಸಿಂಕ್ ಒಳಗಿದ್ದರೆ ಅದರ ನೇರ ಕೆಳಗೂ ಮೇಲೂ ಗಾಳಿಕಿಂಡಿಗಳಿರಲಿ.

ಮೊದಲ ಸಲ ಸ್ವಿಚ್ ಹಾಕುವಾಗ ಫೇಸ್ ತಂತಿಯಲ್ಲಿ 60 ಅಥವಾ 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸ್ ಆಗಿ ಹಾಕಿ; ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಪ್ರಕಾಶಮಾನವಾಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆ. ಅನಂತರ ಸ್ಪೀಕರ್ ಹಾಕದೆ ಟರ್ಮಿನಲ್‌ಗಳಲ್ಲಿ ಡಿ.ಸಿ. ವೋಲ್ಟೇಜ್ ಅಳೆಯಿರಿ, ಅದು 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ಬಲ್ಬ್ ತೆಗೆದು, ಅಗ್ಗದ ಸ್ಪೀಕರ್ ಒಂದನ್ನು ಜೋಡಿಸಿ ಕೇಳಿ. ಇನ್‌ಪುಟ್ ಕೇಬಲ್ ಕಿತ್ತರೆ ಹಮ್ ನಿಲ್ಲುವುದಾದರೆ ಕಾರಣ ಹೊರಗಿನ ಅರ್ತ್ ಸುತ್ತು. ಕಿತ್ತರೂ ಉಳಿದರೆ ವಿದ್ಯುತ್ ಕಿತ್ತು, ಕೆಪಾಸಿಟರ್‌ಗಳು ಖಾಲಿಯಾದುದನ್ನು ಮೀಟರಿನಲ್ಲಿ ನೋಡಿಕೊಂಡು, ಟ್ರಾನ್ಸ್‌ಫಾರ್ಮರ್‌ನ ಬೋಲ್ಟ್ ಸಡಿಲಿಸಿ ಅದನ್ನು ಸ್ವಲ್ಪ ತಿರುಗಿಸಿ ಮತ್ತೆ ಬಿಗಿದು ಕೇಳಬೇಕು. ಯಾವುದೋ ಒಂದು ಕೋನದಲ್ಲಿ ಸದ್ದು ಗಮನಾರ್ಹವಾಗಿ ತಗ್ಗುವುದುಂಟು. ರ‍್ಯಾಕಿಗೆ ಏರಿಸುವಾಗ ಮೇಲೆ 1ಯು ಜಾಗ ಖಾಲಿ ಬಿಟ್ಟು, ಕೇಸ್‌ನ ಹಿಂಭಾಗಕ್ಕೆ ಒಂದು ಆಧಾರಪಟ್ಟಿ ಕೊಡಿ.